ಮಗಳನ್ನು ಸ್ಟೇಟ್ ಪ್ರೈಮರಿಯಲ್ಲೇ ಬಿಡೋದಾ, ಪ್ರೆಪ್ ಸ್ಕೂಲಿಗೆ ಹಾಕೋದಾ? ಶುಕ್ರವಾರದೊಳಗೆ ಹೇಳಬೇಕು

ಹಾಸನ_ಟು_ವಿಕಮ್

ಎಲ್ಲರಿಗೂ ನಮಸ್ಕಾರ. ಇಲ್ಲಿ ಬರುವುದನ್ನೆಲ್ಲ ಓದುತ್ತಾ ಇರುತ್ತೇನೆ, ಬರೆಯುತ್ತಿರುವುದು ಇದೇ ಮೊದಲು.

ನಾವಿರುವುದು ಬಕಿಂಗ್‌ಹ್ಯಾಮ್‌ಶೈರ್‌ನ ಹೈ ವಿಕಮ್‌ನಲ್ಲಿ. ಬಂದು ಆರು ವರ್ಷ ಆಯಿತು. ಮಗಳು ಇಯರ್ 2, ಆರೇಳು ವರ್ಷದ ಮಕ್ಕಳ ಕ್ಲಾಸು. ಮನೆಯಿಂದ ಏಳೆಂಟು ನಿಮಿಷ ನಡೆದರೆ ಅವಳ ಶಾಲೆ, ಸ್ಟೇಟ್ ಪ್ರೈಮರಿ, ಅಂದರೆ ಫೀಸಿಲ್ಲದ ಸರ್ಕಾರಿ ಶಾಲೆ. ಕ್ಲಾಸಿನಲ್ಲಿ 30 ಮಕ್ಕಳು. ಟೀಚರ್ ಒಳ್ಳೆಯವರು, ಮೂರು ಜನ ಜೀವದ ಗೆಳತಿಯರು ಬೇರೆ. ದೂರುವುದಕ್ಕೆ ಏನೂ ಇಲ್ಲ.

ಮತ್ತೆ ಯಾಕೆ ತಲೆ ಕೆಡಿಸಿಕೊಂಡಿದ್ದೀಯ ಅಂತೀರಾ? ಯುಗಾದಿ ಕಾರ್ಯಕ್ರಮಕ್ಕೆ ಹೋಗಿದ್ದೇ ತಪ್ಪಾಯಿತು. ಊಟದ ಸಾಲಿನಲ್ಲಿ ಒಬ್ಬರಾದ ಮೇಲೆ ಒಬ್ಬರು ಇಲೆವೆನ್ ಪ್ಲಸ್ ಬಗ್ಗೆ ಕೇಳಿದರು, ಅದೇ ಗ್ರಾಮರ್ ಸ್ಕೂಲಿಗೆ ಸೇರುವ ಪರೀಕ್ಷೆ. "ಇನ್ನೂ ಶುರು ಮಾಡಿಲ್ವಾ?" ಅಂತ ಒಬ್ಬರು ಕೋಸಂಬರಿ ಸೌಟು ಹಿಡಿದುಕೊಂಡು ಹಾಗೇ ನಿಂತುಬಿಟ್ಟರು. ಹಿಂದಿದ್ದವರು ಕೆಮ್ಮಿದ ಮೇಲೆ ಸಾಲು ಮುಂದಕ್ಕೆ ಹೋಯಿತು.

ಮುಂದಿನ ವಾರವೇ ಒಂದು ಪ್ರೆಪ್ ಸ್ಕೂಲಿನ (ಫೀಸು ಕಟ್ಟಿ ಓದಿಸುವ ಖಾಸಗಿ ಶಾಲೆ) ಓಪನ್ ಮಾರ್ನಿಂಗ್‌ಗೆ ಹೋದೆವು. ಕ್ಲಾಸಿಗೆ 16 ಮಕ್ಕಳು. ಈಜುಕೊಳ, ಫ್ರೆಂಚ್, ವಾರಕ್ಕೆ ಮೂರು ದಿನ ಆಟ. ಮಗಳಿಗೆ ಅವೆಲ್ಲ ಕಣ್ಣಿಗೆ ಬೀಳಲೇ ಇಲ್ಲ. ಅಲ್ಲಿನ ಹುಡುಗಿಯರು ಹಾಕಿಕೊಳ್ಳುವ ನೀಲಿ ಹ್ಯಾಟ್ ಒಂದೇ ಕಂಡಿದ್ದು. ಈಗ ಸೆಪ್ಟೆಂಬರ್‌ಗೆ ಇಯರ್ 3ಗೆ ಸೀಟು ಇದೆ ಅಂತ ಮೇಲ್ ಬಂದಿದೆ. ಶುಕ್ರವಾರದೊಳಗೆ ಡಿಪಾಸಿಟ್ ಕಟ್ಟಬೇಕು. ಫೀಸು ಟರ್ಮ್‌ಗೆ 5,400 ಪೌಂಡ್, ವ್ಯಾಟ್ ಬೇರೆ.

ಇಬ್ಬರೂ ದುಡಿಯುತ್ತೇವೆ. ಕಟ್ಟೋಕೆ ಆಗುತ್ತೆ, ಆದರೆ ಉಸಿರು ಬಿಗಿಹಿಡಿದುಕೊಂಡು. ಕೊನೆಗೆ ನಮಗೆ ಬೇಕಿರುವುದು ಇಯರ್ 7ಕ್ಕೆ, ಅಂದರೆ ಹನ್ನೊಂದು ವರ್ಷಕ್ಕೆ, ಗ್ರಾಮರ್ ಸ್ಕೂಲು, ಪರೀಕ್ಷೆ ಇಟ್ಟು ಸೇರಿಸಿಕೊಳ್ಳುವ ಸರ್ಕಾರಿ ಹೈಸ್ಕೂಲು. ಅದಕ್ಕೆ ಪ್ರೆಪ್ ಬೇಕೇ ಬೇಕಾ?

ಇನ್ನೊಂದು ವಿಷಯ. ನಾನು ಹಾಸನದಲ್ಲಿ ಕಾನ್ವೆಂಟ್‌ನಲ್ಲಿ ಓದಿದವಳು. ಸರ್ಕಾರಿ ಶಾಲೆ ಅಂದರೆ ಒಳಗೊಳಗೇ ಒಂದು ಹಿಂಜರಿಕೆ ಇದೆ, ಸುಳ್ಳು ಯಾಕೆ ಹೇಳಲಿ. ಈಗ ಮಾತಾಡುತ್ತಿರುವುದು ಆ ಹಿಂಜರಿಕೆಯೋ, ಅಥವಾ ನಿಜವಾಗಲೂ ಕಾರಣ ಇದೆಯೋ, ನನಗೇ ಗೊತ್ತಾಗುತ್ತಿಲ್ಲ.

ಜಯನಗರ_ಫೋರ್ತ್_ಬ್ಲಾಕ್

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾವು ಆಗಸ್ಟ್‌ನಲ್ಲಿ ಬರುವವರು, ಸ್ಕಿಲ್ಡ್ ವರ್ಕರ್ ವೀಸಾ. ಅಲ್ಲಿ ಪಬ್ಲಿಕ್ ಸ್ಕೂಲ್ ಅಂದರೆ ಸರ್ಕಾರದ್ದು ತಾನೇ? ವೀಸಾದಲ್ಲಿ ಪಬ್ಲಿಕ್ ಫಂಡ್ಸ್ ಮುಟ್ಟಬಾರದು ಅಂತ ಬರೆದಿರುತ್ತದೆ. ಹಾಗಾದರೆ ನಮ್ಮ ಮಕ್ಕಳಿಗೆ ಅದು ಸಿಗುವುದಿಲ್ಲವಾ?

ಲೆಕ್ಕದ_ಮಾವ

ಜಯನಗರದವರೇ, ಎರಡೂ ಉಲ್ಟಾ. ಇಂಗ್ಲೆಂಡಿನಲ್ಲಿ ಪಬ್ಲಿಕ್ ಸ್ಕೂಲ್ ಅಂದರೆ ಈಟನ್, ಹ್ಯಾರೋ ಥರದ ಹಳೇ ದುಬಾರಿ ಖಾಸಗಿ ಶಾಲೆ. ಸರ್ಕಾರದ್ದಕ್ಕೆ ಸ್ಟೇಟ್ ಸ್ಕೂಲ್ ಅನ್ನುತ್ತಾರೆ. ನಿಮ್ಮ ವೀಸಾ ಮೇಲೆ ಬರುವ ಮಕ್ಕಳಿಗೂ ಅದು ಉಚಿತ, ಅದನ್ನು ಪಬ್ಲಿಕ್ ಫಂಡ್ಸ್ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಶ್ಚಿಂತೆಯಿಂದ ಬನ್ನಿ.

ಈಗ ಹಾಸನದ ತಂಗಿಗೆ. ನಾನು ಅಕೌಂಟೆಂಟ್, ನನಗೆ ಗೊತ್ತಿರುವುದು ಲೆಕ್ಕ ಒಂದೇ. 2025ರ ಜನವರಿ 1ರಿಂದ ಖಾಸಗಿ ಶಾಲೆ ಫೀಸಿನ ಮೇಲೆ 20% ವ್ಯಾಟ್. 5,400ಕ್ಕೆ ವ್ಯಾಟ್ ಸೇರಿದರೆ 6,480. ವರ್ಷಕ್ಕೆ ಮೂರು ಟರ್ಮ್, 19,440. ಇಯರ್ 3ರಿಂದ ಇಯರ್ 6ರ ವರೆಗೆ ನಾಲ್ಕು ವರ್ಷ ಅಂದರೆ 77,760. ಇದು ಫೀಸು ಒಂದು ಪೌಂಡ್ ಕೂಡ ಏರದಿದ್ದರೆ. ಏರದೇ ಇರುತ್ತದಾ? ಇದರ ಮೇಲೆ ಊಟ, ಬಸ್ಸು, ಟ್ರಿಪ್ಪು, ಆ ಹ್ಯಾಟು.

ಜನ ಮರೆಯುವುದು ಎಲ್ಲಿ ಗೊತ್ತಾ? ಈ ದುಡ್ಡು ಟ್ಯಾಕ್ಸ್ ಕಟ್ಟಿ ಉಳಿದ ದುಡ್ಡು. ನಿಮ್ಮಲ್ಲೊಬ್ಬರು 40% ಸ್ಲ್ಯಾಬ್‌ನಲ್ಲಿದ್ದರೆ, ಅದರ ಮೇಲೆ 2% ನ್ಯಾಷನಲ್ ಇನ್ಶೂರೆನ್ಸ್, ನೂರು ದುಡಿದರೆ ಕೈಗೆ 58. ಅಂದರೆ ವರ್ಷಕ್ಕೆ 19,440 ಕೊಡಬೇಕಾದರೆ ಸಂಬಳದಲ್ಲಿ ಸುಮಾರು 33,500 ಅದಕ್ಕೇ ಹೋಯಿತು. ಎರಡನೇ ಮಗು ಇದೆಯಾ? ಇದ್ದರೆ ಅದಕ್ಕೂ ಇಷ್ಟೇ. ಒಬ್ಬರಿಗೆ ಹ್ಯಾಟ್ ಕೊಡಿಸಿ ಇನ್ನೊಬ್ಬರಿಗೆ ಇಲ್ಲ ಅನ್ನೋಕೆ ಆಗಲ್ಲ.

ಹಾಸನ_ಟು_ವಿಕಮ್

ಮಾವ, ಎರಡನೆಯವನಿಗೆ ಈಗ ಎರಡು ವರ್ಷ. ಆ ಲೆಕ್ಕ ನಾವು ಬೇಕಂತಲೇ ಮಾಡಿರಲಿಲ್ಲ.

ಸಟನ್_ಅಪ್ಪ

ನಾನು ಪ್ರೆಪ್‌ಗೆ ಹಾಕಿದವನು. ಶಾಲೆಯ ಹೆಸರು ಬೇಡ, ನನಗಾದದ್ದು ಮಾತ್ರ ಹೇಳುತ್ತೇನೆ.

ಮಗನನ್ನು ಇಯರ್ 1ರಿಂದಲೇ ಹಾಕಿದ್ದೆವು. ಪ್ರೆಪ್ ಅಂದರೆ ಪ್ರಿಪರೇಷನ್, ಸರಿ, ಆದರೆ ಯಾವುದಕ್ಕೆ ಪ್ರಿಪರೇಷನ್ ಅಂತ ನಾನು ಕೇಳಲೇ ಇಲ್ಲ. ಗ್ರಾಮರ್‌ಗೆ ಅಂದುಕೊಂಡಿದ್ದೆ. ಹಳೇ ಕಾಲದ ಪ್ರೆಪ್‌ಗಳು ಇರುವುದು 13 ವರ್ಷದ ತನಕ. ಅವರು ತಯಾರು ಮಾಡುವುದು ದೊಡ್ಡ ಖಾಸಗಿ ಸೆಕೆಂಡರಿಗಳ ಕಾಮನ್ ಎಂಟ್ರೆನ್ಸ್ ಪರೀಕ್ಷೆಗೆ. ಮಗ ಇಯರ್ 4ರಲ್ಲಿದ್ದಾಗ ಪೇರೆಂಟ್ಸ್ ಈವ್ನಿಂಗ್‌ನಲ್ಲಿ ನಮ್ಮ ಸಟನ್ ಕಡೆಯ ಗ್ರಾಮರ್‌ಗಳ ವಿಷಯ ಎತ್ತಿದೆ. ಹೆಡ್ ಮಾಸ್ಟರ್ ನಗುನಗುತ್ತಲೇ ಹೇಳಿದರು: "ನಾವು ಅದಕ್ಕೆ ತಯಾರಿ ಮಾಡಿಸುವುದಿಲ್ಲ, ಮಾಡುವವರನ್ನು ತಡೆಯುವುದೂ ಇಲ್ಲ."

ಆಮೇಲೆ ಹೊಳೆಯಿತು. 11ಕ್ಕೇ ಮಕ್ಕಳು ಎದ್ದು ಗ್ರಾಮರ್‌ಗೆ ಹೋದರೆ ಅವರ ಇಯರ್ 7, 8 ಖಾಲಿ. ಅವರ ಹೊಟ್ಟೆಪಾಡು ಅದು. ತಪ್ಪು ಅವರದ್ದಲ್ಲ, ಕೇಳದೇ ಇದ್ದದ್ದು ನನ್ನದು.

ಕೊನೆಗೆ ಫೀಸೂ ಕಟ್ಟಿದೆ, ಶನಿವಾರ ಟ್ಯೂಟರ್‌ಗೂ ಕೊಟ್ಟೆ. ಟ್ಯೂಟರ್ ಮನೆಯ ಹಾಲ್‌ನಲ್ಲಿ ಆರು ಮಕ್ಕಳು ಕೂರುತ್ತಿದ್ದರು, ನಾಲ್ವರು ಪಕ್ಕದ ಸ್ಟೇಟ್ ಪ್ರೈಮರಿಯವರು. ಒಂದೇ ಪುಸ್ತಕ, ಒಂದೇ ಪೇಪರ್. ಅವರಪ್ಪಂದಿರು ಹೊರಗೆ ಕಾರಲ್ಲಿ ಕೂತು ಕ್ರಿಕೆಟ್ ಸ್ಕೋರ್ ನೋಡುತ್ತಿದ್ದರು, ನಾನೂ ಅಷ್ಟೇ. ಅವರಿಗಿಂತ ನಾನು ಎಪ್ಪತ್ತು ಸಾವಿರ ಜಾಸ್ತಿ ಕೊಟ್ಟು ಅದೇ ಕಾರು ಪಾರ್ಕಿಂಗ್‌ಗೆ ಬಂದಿದ್ದೆ.

ಮಗನಿಗೆ ಸೀಟು ಸಿಕ್ಕಿತು. ಆ ನಾಲ್ವರಲ್ಲಿ ಇಬ್ಬರಿಗೂ ಸಿಕ್ಕಿತು.

ಬಾರ್ನೆಟ್_ಅಮ್ಮ

ಎಲ್ಲರೂ ಪ್ರೆಪ್ ಅಂದರೆ ದುಡ್ಡು ದಂಡ ಅನ್ನುವ ಹಾಗೆ ಮಾತಾಡುತ್ತಿದ್ದೀರಿ. ನನ್ನದೂ ಸ್ವಲ್ಪ ಕೇಳಿ.

ನನ್ನ ಮಗ ಮಾತು ಕಮ್ಮಿ. ಸ್ಟೇಟ್ ಶಾಲೆಯಲ್ಲಿ ಮೂರು ವರ್ಷ ಇದ್ದ. ಪ್ರತಿ ಸಲವೂ ಅದೇ ಮಾತು, "ಚೆನ್ನಾಗಿದ್ದಾನೆ, ತೊಂದರೆ ಕೊಡಲ್ಲ." ತೊಂದರೆ ಕೊಡದ ಮಗುವನ್ನು 30 ಜನರ ಮಧ್ಯೆ ಯಾರು ನೋಡುತ್ತಾರೆ ಹೇಳಿ? ಓದುವಾಗ ಸಾಲು ತಪ್ಪುತ್ತಿತ್ತು. ಚಿತ್ರ ನೋಡಿ ಕತೆ ಊಹೆ ಮಾಡಿ ಹೇಳಿಬಿಡುತ್ತಿದ್ದ. ಪ್ರೆಪ್‌ಗೆ ಹಾಕಿದ ಆರನೇ ವಾರಕ್ಕೆ ಟೀಚರ್ ಕರೆದು ಡಿಸ್‌ಲೆಕ್ಸಿಯಾ ಟೆಸ್ಟ್ ಮಾಡಿಸಿ ಅಂದರು. ಹೌದು, ಅದೇ ಇತ್ತು.

ಅವನಿಗೆ ನಮ್ಮ ಬಾರ್ನೆಟ್‌ನ ಗ್ರಾಮರ್ ಕ್ವೀನ್ ಎಲಿಜಬೆತ್ಸ್ ಬಾಯ್ಸ್ ಸಿಗಲಿಲ್ಲ, ನಾವು ಅದರ ಆಸೆ ಬಿಟ್ಟಿದ್ದೆವು. ಬೇರೆ ಶಾಲೆಯಲ್ಲಿ ಖುಷಿಯಾಗಿದ್ದಾನೆ. ಆ ನಾಲ್ಕು ವರ್ಷದ ಫೀಸಿನ ಬಗ್ಗೆ ನನಗೆ ಒಂದು ದಿನವೂ ಬೇಜಾರಾಗಿಲ್ಲ. ಜೊತೆಗೆ ಸಂಜೆ ಆರರ ತನಕ ಶಾಲೆಯಲ್ಲೇ ಇರುತ್ತಿದ್ದ. ಆಸ್ಪತ್ರೆಯ ಶಿಫ್ಟ್ ಮಾಡುವವಳಿಗೆ ಅದೇ ಅರ್ಧ ಜೀವ.

ಕೆಂಟ್_ಟೀಚರಮ್ಮ

ಬಾರ್ನೆಟ್ ಅವರೇ, ನಿಮ್ಮ ಮಗನ ವಿಷಯ ಓದಿ ಖುಷಿಯಾಯಿತು, ಸ್ವಲ್ಪ ನೋವೂ ಆಯಿತು. ನಾನು ಒಂಬತ್ತು ವರ್ಷದಿಂದ ಸ್ಟೇಟ್ ಪ್ರೈಮರಿಯಲ್ಲಿ ಟೀಚಿಂಗ್ ಅಸಿಸ್ಟೆಂಟ್. ಸುಮ್ಮನಿರುವ ಮಗು ಕೈತಪ್ಪುವುದು ನಿಜ, ನಾನೇ ನೋಡಿದ್ದೇನೆ. ಆದರೆ ಎಲ್ಲ ಸ್ಟೇಟ್ ಶಾಲೆಯಲ್ಲೂ ಸೆಂಕೋ ಅಂತ ಒಬ್ಬರು ಇರುತ್ತಾರೆ, ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳುವವರು. ಅವರ ಹತ್ತಿರ ನೇರವಾಗಿ ಹೋಗಿ ಕೇಳಬಹುದು. ನಮ್ಮವರು ಕೇಳಲ್ಲ. ಟೀಚರ್‌ಗೆ ಬೇಜಾರಾಗುತ್ತೆ ಅಂತ ಸುಮ್ಮನಾಗುತ್ತೇವೆ.

ಹಾಸನದವರಿಗೆ ಎರಡು ಮಾತು.

30ರ ಮಿತಿ ಕಾನೂನಿನಲ್ಲಿ ಇರುವುದು ರಿಸೆಪ್ಷನ್ (ಇಯರ್ 1ಕ್ಕೆ ಮುಂಚಿನ ಕ್ಲಾಸು), ಇಯರ್ 1, ಇಯರ್ 2ಕ್ಕೆ ಮಾತ್ರ. ಇಯರ್ 3ರಿಂದ ಅದು ಇಲ್ಲ. 31, 32 ಆಗುವುದುಂಟು. ಇದನ್ನು ಮೊದಲೇ ತಿಳಿದುಕೊಂಡಿರಿ, ಸೆಪ್ಟೆಂಬರ್‌ನಲ್ಲಿ ಗಾಬರಿಯಾಗಬೇಡಿ.

ಎರಡನೆಯದು ಮುಖ್ಯ. ಇಲೆವೆನ್ ಪ್ಲಸ್ ನಡೆಯುವುದು ಇಯರ್ 6ರ ಶುರುವಿನಲ್ಲೇ, ಸೆಪ್ಟೆಂಬರ್‌ನಲ್ಲಿ. ಆದರೆ ರೇಷಿಯೋ, ಆಲ್ಜೀಬ್ರಾ ಎಲ್ಲ ಇಯರ್ 6ರ ಪಾಠ. ಶಾಲೆ ಅದನ್ನು ಕಲಿಸುವ ಹೊತ್ತಿಗೆ ಪರೀಕ್ಷೆ ಮುಗಿದಿರುತ್ತದೆ. ಇಲ್ಲಿ ಕೆಂಟ್‌ನಲ್ಲಂತೂ ಸ್ಟೇಟ್ ಪ್ರೈಮರಿಗಳು ಈ ಪರೀಕ್ಷೆಗೆ ಕೋಚಿಂಗ್ ಕೊಡುವ ಹಾಗೇ ಇಲ್ಲ. ಹಾಗಾಗಿ ಆ ಅಂತರ ತುಂಬುವುದು ಮನೆಯವರ ಕೆಲಸ. ಪ್ರೆಪ್‌ನವರು ಪಾಠ ಒಂದು ವರ್ಷ ಮುಂದೆ ಓಡಿಸುತ್ತಾರೆ, ಅವರ ಅನುಕೂಲ ಅಷ್ಟೇ. ಅದು ಸಣ್ಣದಲ್ಲ, ಹಾಗಂತ ಎಪ್ಪತ್ತು ಸಾವಿರದ್ದೂ ಅಲ್ಲ.

ಲೆಕ್ಕದಲ್ಲಿ ನಮ್ಮ ಮಕ್ಕಳು ಗೆದ್ದುಬಿಡುತ್ತಾರೆ. ಇಯರ್ 4ರಲ್ಲಿ ಟೇಬಲ್ಸ್ ಚೆಕ್ ಇದೆ, 25 ಪ್ರಶ್ನೆ, ಒಂದೊಂದಕ್ಕೆ 6 ಸೆಕೆಂಡು. ನನ್ನ ಮಗ ಕಂಪ್ಯೂಟರ್ ಮುಂದೆ "ಏಳೆಂಟ್ಲ ಐವತ್ತಾರು" ಅಂತ ಗೊಣಗಿಕೊಂಡೇ ಎಲ್ಲ ಸರಿ ಮಾಡಿ ಬಂದ. ಪಕ್ಕದ ಹುಡುಗ ಅದೇನು ಮಂತ್ರ ಅಂತ ಕೇಳಿದನಂತೆ.

ಸೋಲುವುದು ಇಂಗ್ಲಿಷ್ ಪದಗಳಲ್ಲಿ. ನಾವು ಮನೆಯಲ್ಲಿ ಆಡುವ ಇಂಗ್ಲಿಷ್ ಆಫೀಸ್ ಇಂಗ್ಲಿಷ್. ಒಂದು ದಿನ ಪೇಪರ್‌ನಲ್ಲಿ ಕಿಂಡ್ಲಿಂಗ್ ಅಂತ ಬಂತು. ಮಗ ಅದನ್ನು ಅಮೆಜಾನ್‌ನ ಕಿಂಡಲ್ ಅಂದುಕೊಂಡ. ನಾನು "ಪುಳ್ಳೆ ಕಣೋ" ಅಂದೆ. ಅದೂ ಗೊತ್ತಿಲ್ಲ! ಆಮೇಲೆ ಅರಸೀಕೆರೆಯಲ್ಲಿ ಅಜ್ಜಿ ಬಚ್ಚಲ ಒಲೆಗೆ ತೆಂಗಿನ ಗರಿ, ಪುಳ್ಳೆ ಹಾಕಿ ಹಂಡೆ ಕಾಯಿಸುತ್ತಿದ್ದರಲ್ಲ, ಹೊಗೆ ಬಂದು ನೀನು ಅತ್ತೆಯಲ್ಲ, ಅದು ಅಂದೆ. ಆ ಪದ ಅವನಿಗೆ ಇನ್ನು ಸಾಯೋ ತನಕ ಮರೆಯಲ್ಲ. ಪದ ಕಲಿಸೋಕೆ ಫೀಸು ಬೇಡ, ಕೂತು ಜೊತೆಗೆ ಓದೋ ಒಬ್ಬರು ಬೇಕು.

ಏಲ್ಸ್‌ಬರಿ_ಅಕ್ಕ

ನಾನೂ ಬಕ್ಸ್‌ನವಳೇ, ಅದೇ ಬಕಿಂಗ್‌ಹ್ಯಾಮ್‌ಶೈರ್. ಇಬ್ಬರು ಮಕ್ಕಳು ಸ್ಟೇಟ್ ಪ್ರೈಮರಿಯಿಂದ ಹೋದವರು. ಒಬ್ಬಳು ಪಾಸು, ಒಬ್ಬ ಆಗಲಿಲ್ಲ. ಎರಡೂ ಕಂಡಿದ್ದೇನೆ ಅಂತ ಹೇಳುತ್ತಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸೋಣ. ಸಟನ್, ಬಾರ್ನೆಟ್‌ನ ಕತೆ ಕೇಳಿ ನೀವು ಹೆದರಬೇಡಿ. ಕ್ವೀನ್ ಎಲಿಜಬೆತ್ಸ್ ಥರದ ಕಡೆ ಸಾವಿರಾರು ಮಕ್ಕಳು ಬರೆಯುತ್ತಾರೆ, ಜಾಸ್ತಿ ಅಂಕ ಬಂದವರಿಗೆ ಸೀಟು. ಅರ್ಧ ಅಂಕಕ್ಕೂ ಗುದ್ದಾಟ. ನಮ್ಮ ಬಕ್ಸ್ ಹಾಗಲ್ಲ. ಇಲ್ಲಿ 121 ಬಂದರೆ ಕ್ವಾಲಿಫೈ. 121 ಬಂದ ಮಗುವೂ 140 ಬಂದ ಮಗುವೂ ಒಂದೇ. ಆಮೇಲೆ ನೋಡುವುದು ನಿಮ್ಮ ಮನೆ ಯಾವ ಶಾಲೆಯ ಕ್ಯಾಚ್‌ಮೆಂಟ್ (ಆ ಶಾಲೆಗೆ ಸೇರಿದ ಪ್ರದೇಶ), ಶಾಲೆಗೆ ಎಷ್ಟು ದೂರ ಅಂತ. ಕೌಂಟಿಯಲ್ಲಿ 13 ಗ್ರಾಮರ್ ಇವೆ. ವಿಕಮ್ ಒಂದರಲ್ಲೇ ಹುಡುಗರಿಗೆ ರಾಯಲ್ ಗ್ರಾಮರ್, ಜಾನ್ ಹ್ಯಾಂಪ್ಡನ್, ಹುಡುಗಿಯರಿಗೆ ವಿಕಮ್ ಹೈ. ನೀವು ಈಗಾಗಲೇ ಸರಿಯಾದ ಜಾಗದಲ್ಲಿ ಮನೆ ಮಾಡಿ ಕೂತಿದ್ದೀರಿ ಮಾರಾಯ್ತಿ! ಜನ ಲಂಡನ್‌ನಿಂದ ಮನೆ ಮಾರಿಕೊಂಡು ಬರುವುದೇ ಅದಕ್ಕೆ.

ಇನ್ನೂ ಒಂದಿದೆ. ಬಕ್ಸ್‌ನ ಸ್ಟೇಟ್ ಪ್ರೈಮರಿಯಲ್ಲಿರುವ ಮಕ್ಕಳ ಹೆಸರು ಪರೀಕ್ಷೆಗೆ ತಾನಾಗಿಯೇ ಸೇರುತ್ತದೆ. ಬೇಡ ಅಂದರೆ ನಾವೇ ತೆಗೆಸಬೇಕು. ಪರೀಕ್ಷೆ ಅವರ ಶಾಲೆಯಲ್ಲೇ, ಗೊತ್ತಿರುವ ಟೀಚರ್ ಎದುರಿಗೆ. ಕೆಲವು ದಿನ ಮುಂಚೆ ಒಂದು ಪ್ರ್ಯಾಕ್ಟೀಸ್ ಟೆಸ್ಟ್ ಬೇರೆ. ಖಾಸಗಿ ಶಾಲೆಯವರಲ್ಲಿ ಎಷ್ಟೋ ಜನ ತಾವೇ ಅರ್ಜಿ ಹಾಕಿ ಬೇರೆ ಸೆಂಟರ್‌ಗೆ ಹೋಗಬೇಕು. ನನ್ನ ಮಗಳು ಅವತ್ತು ಬೆಳಿಗ್ಗೆ ದೋಸೆ ತಿಂದು, ದಿನಾ ಹೋಗುವ ದಾರಿಯಲ್ಲೇ ಹೋಗಿ ಬರೆದು ಬಂದಳು. ಮಧ್ಯಾಹ್ನ ಪಿಇ, ಆಟದ ಪೀರಿಯಡ್ ಇತ್ತಂತೆ, ಅದರ ಸುದ್ದಿಯೇ ಜಾಸ್ತಿ.

ಅಂಕದ ಹಂಚಿಕೆ ನೋಡಿ: ವರ್ಬಲ್ (ಪದ, ಓದು) ಅರ್ಧ, ಲೆಕ್ಕ ಕಾಲು, ನಾನ್ ವರ್ಬಲ್ (ಚಿತ್ರ, ಆಕೃತಿ) ಕಾಲು. ಟೀಚರಮ್ಮ ಪದಗಳ ಬಗ್ಗೆ ಹೇಳಿದ್ದು ಇಲ್ಲಿ ಇನ್ನೂ ಜಾಸ್ತಿ ಅನ್ವಯ.

ಕೊನೆಗೆ ಲೆಕ್ಕದ ಮಾವನಿಗೆ ಒಂದು ತಿದ್ದುಪಡಿ. ನಾಲ್ಕು ವರ್ಷ ಫೀಸು ಕಟ್ಟುತ್ತಾರೆ, ಸರಿ. ಪರೀಕ್ಷೆ ಇಯರ್ 6ರ ಸೆಪ್ಟೆಂಬರ್‌ನಲ್ಲಿ. ಅಂದರೆ ಪರೀಕ್ಷೆಗೆ ಉಪಯೋಗವಾಗುವುದು ಮೂರು ವರ್ಷ. ನಾಲ್ಕನೇ ವರ್ಷದ 19,440 ಯಾವುದಕ್ಕೆ? ನಾಟಕ, ಈಜು, ಲೀವರ್ಸ್ ಪಾರ್ಟಿ!

ಲೆಕ್ಕದ_ಮಾವ

ಅಕ್ಕಾ, ಒಪ್ಪಿದೆ. ನನ್ನ ಕಾಲೇಜಿನ ಫೀಸು ವಾಪಸ್ ಕೇಳಬೇಕು.

ಸಟನ್_ಅಪ್ಪ

ಮಗಳ ಹುಟ್ಟಿದ ತಿಂಗಳು ಯಾವುದು? ಆಗಸ್ಟ್ ಏನಾದರೂ ಆದರೆ ಹೇಳಿ.

ಹಾಸನ_ಟು_ವಿಕಮ್

ಹೌದು ಸರ್, ಆಗಸ್ಟ್ 20ರ ಹತ್ತಿರ. ಇಲ್ಲಿ ಸೆಪ್ಟೆಂಬರ್‌ನಿಂದ ಆಗಸ್ಟ್‌ವರೆಗೆ ಹುಟ್ಟಿದವರು ಒಂದು ಕ್ಲಾಸು, ಹಾಗಾಗಿ ಕ್ಲಾಸಿಗೇ ಚಿಕ್ಕವಳು. ಅದೂ ಒಂದು ಭಯವೇ.

ಸಟನ್_ಅಪ್ಪ

ಆ ಭಯ ಅರ್ಧ ಬಿಡಿ. ಅಂಕಕ್ಕೆ ವಯಸ್ಸಿನ ಹೊಂದಾಣಿಕೆ ಇರುತ್ತದೆ. ಸೆಪ್ಟೆಂಬರ್‌ನಲ್ಲಿ ಹುಟ್ಟಿದವರಿಗೂ ಆಗಸ್ಟ್‌ನವರಿಗೂ ಅದೇ ಉತ್ತರಕ್ಕೆ ಅದೇ ಸ್ಕೋರ್ ಬರಲ್ಲ, ಚಿಕ್ಕವರಿಗೆ ಸ್ವಲ್ಪ ಜಾಸ್ತಿ. ಆದರೆ ಇಯರ್ 2ರಲ್ಲಿ ನಿಮ್ಮ ಮಗಳು ಪಕ್ಕದ ಹುಡುಗಿಗಿಂತ ಹಿಂದೆ ಇದ್ದಾಳೆ ಅನ್ನಿಸಿದರೆ, ಆ ಪಕ್ಕದವಳು ಹನ್ನೊಂದು ತಿಂಗಳು ದೊಡ್ಡವಳಿರಬಹುದು. ಏಳು ವರ್ಷದ ಮಗುವಿಗೆ ಹನ್ನೊಂದು ತಿಂಗಳು ಅಂದರೆ ಬಹಳ.

ಲೆಸ್ಟರ್_ನೈಟ್_ಶಿಫ್ಟ್

ಮೇಲಿಂದ ಕೆಳಗೆ ಎಲ್ಲ ಓದಿದೆ. ಬೇಜಾರು ಮಾಡಿಕೊಳ್ಳಬೇಡಿ, ಒಂದು ಮಾತು ಹೇಳಲೇಬೇಕು. ಎಪ್ಪತ್ತು ಸಾವಿರ ಕೊಡೋದಾ ಬಿಡೋದಾ ಅನ್ನುವುದೂ ಒಂದು ಕಷ್ಟ ಅಂತ ಈಗ ಗೊತ್ತಾಯಿತು. ನಾನು ಕೇರ್ ಹೋಮ್‌ನಲ್ಲಿ ರಾತ್ರಿ ಪಾಳಿ. ನಮ್ಮ ಲೆಸ್ಟರ್ ಕಡೆ ಗ್ರಾಮರ್ ಸ್ಕೂಲೇ ಇಲ್ಲ. ಇಡೀ ಇಂಗ್ಲೆಂಡಿನಲ್ಲಿ ಇರುವುದೇ 163. ಬಹಳ ಮಕ್ಕಳು ಓದುವುದು ಪರೀಕ್ಷೆ ಇಲ್ಲದೆ ಸೇರಿಸಿಕೊಳ್ಳುವ ಕಾಂಪ್ರಹೆನ್ಸಿವ್‌ನಲ್ಲಿ, ಅಲ್ಲಿಂದಲೇ ಡಾಕ್ಟರ್, ಎಂಜಿನಿಯರ್ ಆಗುತ್ತಿದ್ದಾರೆ.

ಸಟನ್ ಟ್ರಸ್ಟ್ ಅಂತ ಒಂದು ಸಂಸ್ಥೆ ಇದೆ, ಸಟನ್ ಊರಿಗೂ ಅದಕ್ಕೂ ಸಂಬಂಧ ಇಲ್ಲ. 2013ರಲ್ಲಿ ಅವರು ಗ್ರಾಮರ್‌ಗೆ ಸೇರುವವರ ಲೆಕ್ಕ ತೆಗೆದರು. ಉಚಿತ ಊಟಕ್ಕೆ ಅರ್ಹರಾದ ಬಡ ಮಕ್ಕಳು 3%ಗಿಂತ ಕಮ್ಮಿ. ಸ್ಟೇಟ್ ಶಾಲೆಗಳ ಹೊರಗಿನಿಂದ, ಹೆಚ್ಚಾಗಿ ಪ್ರೆಪ್‌ಗಳಿಂದ ಬಂದವರು ಸುಮಾರು 13%. ಫೀಸಿಲ್ಲದ ಶಾಲೆಗೆ ಹೋಗೋಕೆ ಫೀಸು ಕಟ್ಟಿ ಬರುವವರು! ನಮ್ಮವರು ಇದನ್ನೆಲ್ಲ ಮೆರಿಟ್ ಅಂತೀವಿ.

ಬಾರ್ನೆಟ್_ಅಮ್ಮ

13% ಪ್ರೆಪ್‌ನವರು ಅಂದರೆ ಉಳಿದ 87% ಸ್ಟೇಟ್‌ನಿಂದ ಬಂದವರು ಅಂತಲೂ ಆಯಿತಲ್ಲ. ಯಾಕೆ ಜಗಳ?

ಲೆಸ್ಟರ್_ನೈಟ್_ಶಿಫ್ಟ್

ಜಗಳ ಅಲ್ಲ ಮೇಡಂ. ಖಾಸಗಿ ಶಾಲೆಯಲ್ಲಿ ಓದುವ ಮಕ್ಕಳೇ ದೇಶದಲ್ಲಿ ನೂರಕ್ಕೆ ಆರೇಳು. ಅವರ ಪಾಲು ಎರಡರಷ್ಟು ಆಯಿತು ಅಂತ ಹೇಳಿದೆ. ಆದರೆ ಅದು ಶಾಲೆಯಿಂದ ಬಂತಾ, ಆ ಮನೆಗಳಲ್ಲಿರುವ ದುಡ್ಡು, ಪುಸ್ತಕ, ಟ್ಯೂಟರ್‌ನಿಂದ ಬಂತಾ ಅನ್ನೋದು ಬೇರೆ ಪ್ರಶ್ನೆ. ಅದು ನಿಮ್ಮ ವಾದಕ್ಕೂ ಅನುಕೂಲ ಇಲ್ಲ, ನನ್ನದಕ್ಕೂ ಇಲ್ಲ.

ನವೋದಯದ_ಹುಡುಗ

ಲೆಸ್ಟರ್ ಅವರ ಮಾತು ಓದಿ ನನ್ನ ಹಳೇ ಕತೆ ನೆನಪಾಯಿತು.

ನಾನು ಚಿತ್ರದುರ್ಗ ಜಿಲ್ಲೆಯವನು. ಓದಿದ್ದು ಊರ ಸರ್ಕಾರಿ ಪ್ರಾಥಮಿಕ ಶಾಲೆ, ಎರಡು ಕೊಠಡಿ, ಇಬ್ಬರು ಮೇಷ್ಟ್ರು. ಐದನೇ ಕ್ಲಾಸಿನಲ್ಲಿ ಮೇಷ್ಟ್ರು ನವೋದಯ ಪರೀಕ್ಷೆಗೆ ಕೂರಿಸಿದರು. ಆರನೇ ತರಗತಿಗೆ ಸೀಟು, ಊಟ ವಸತಿ ಎಲ್ಲ ಉಚಿತ. ಕನ್ನಡದಲ್ಲೇ ಬರೆಯಬಹುದಿತ್ತು. ಕನಿಷ್ಠ 75% ಸೀಟು ಹಳ್ಳಿ ಮಕ್ಕಳಿಗೆ. ಅದಿಲ್ಲದಿದ್ದರೆ ನಾನು ಇಲ್ಲಿ ರೆಡಿಂಗ್‌ನಲ್ಲಿ ಕೂತು ಇದನ್ನು ಬರೆಯುತ್ತಿರಲಿಲ್ಲ.

ಆದರೆ ಅಲ್ಲೂ ಆಟ ಇತ್ತು. ಪೇಟೆಯವರ ಮಗುವಿನ ಹೆಸರು ಹಳ್ಳಿ ಶಾಲೆಯ ಹಾಜರಿ ಪುಸ್ತಕದಲ್ಲಿ, ಮಗು ಮಾತ್ರ ಪೇಟೆಯ ಟ್ಯೂಷನ್‌ನಲ್ಲಿ. ನಮ್ಮ ಕ್ಲಾಸಿನಲ್ಲಿ ಒಬ್ಬನನ್ನು ವರ್ಷಕ್ಕೆ ಎರಡು ಸಲ ನೋಡಿದ್ದೆ, ಅವನೂ ಪಾಸಾದ. ಇಲ್ಲಿಗೆ ಬಂದ ಮೇಲೆ ಕ್ಯಾಚ್‌ಮೆಂಟ್‌ಗೋಸ್ಕರ ಒಂದು ವರ್ಷ ಬಾಡಿಗೆ ಮನೆ ಹಿಡಿಯುವವರನ್ನು ಕಂಡಾಗ ಅವನೇ ನೆನಪಾಗುತ್ತಾನೆ.

ಈಗ ಮಗಳ ವಿಷಯ. ಸ್ಟೇಟ್ ಪ್ರೈಮರಿ, ರೆಡಿಂಗ್‌ನ ಕೆಂಡ್ರಿಕ್ ಸ್ಕೂಲಿಗೆ ಬರೆದಳು. ಸಿಗಲಿಲ್ಲ. ಅಕ್ಟೋಬರ್‌ನಲ್ಲಿ ಫಲಿತಾಂಶದ ಮೇಲ್ ಬಂದಾಗ ನಾನು ಟ್ರೈನಿನಲ್ಲಿದ್ದೆ. ಮನೆಗೆ ಬಂದು ಹೇಗೆ ಹೇಳೋದು ಅಂತ ಬಾಗಿಲ ಹತ್ತಿರ ಶೂ ಬಿಚ್ಚುತ್ತಾ ನಿಧಾನ ಮಾಡುತ್ತಿದ್ದೆ. ಅವಳೇ ಬಂದು, "ಅಪ್ಪಾ, ಬರಲಿಲ್ಲ ಅಲ್ವಾ? ನಿನ್ನ ಮುಖ ನೋಡಿದ್ರೆ ಗೊತ್ತಾಗುತ್ತೆ" ಅಂದಳು. ನಾನು ನವೋದಯ ಪಾಸು ಮಾಡಿದವನು ಅಂತ ಅವಳಿಗೆ ಎಷ್ಟು ಸಲ ಹೇಳಿದ್ದೆ ಅಂತ ಅವತ್ತು ಲೆಕ್ಕ ಹಾಕಿದೆ. ಜಾಸ್ತಿ ಸಲ ಹೇಳಿಬಿಟ್ಟಿದ್ದೆ.

ಈಗ ಇಯರ್ 9, ಮನೆ ಹತ್ತಿರದ ಶಾಲೆ. ಚೆನ್ನಾಗಿದ್ದಾಳೆ. 16ಕ್ಕೆ ಸಿಕ್ಸ್ತ್ ಫಾರ್ಮ್‌ಗೆ (ನಮ್ಮ ಪಿಯುಸಿ ಥರ) ಗ್ರಾಮರ್‌ಗಳು ಹೊರಗಿನವರನ್ನೂ ತೆಗೆದುಕೊಳ್ಳುತ್ತವೆ. ಬೇಕಾದರೆ ಆಗ ನೋಡುತ್ತಾಳಂತೆ. ನಾನು ಬಾಯಿ ಬಿಟ್ಟಿಲ್ಲ.

ಏಲ್ಸ್‌ಬರಿ_ಅಕ್ಕ

ನವೋದಯದವರೇ, ನನ್ನ ಮಗನದ್ದೂ ಹಾಗೇ. 117 ಬಂತು. ನಾಲ್ಕು ಅಂಕ. ಬಕ್ಸ್‌ನಲ್ಲಿ ಸೆಲೆಕ್ಷನ್ ರಿವ್ಯೂ ಅಂತ ಇದೆ, ಶಾಲೆಯ ಹೆಡ್ ಮಗುವಿನ ಕೆಲಸ ನೋಡಿ ಬರೆದುಕೊಡುತ್ತಾರೆ. ನಾವೂ ಹಾಕಿದೆವು, ಆಗಲಿಲ್ಲ. ಪರೀಕ್ಷೆ ಇಲ್ಲದೆ ಸೇರಿಸಿಕೊಳ್ಳುವ ಅಪ್ಪರ್ ಸ್ಕೂಲಿಗೆ ಹೋದ. ಅಕ್ಕನಿಗಿಂತ ಅವನೇ ಜಾಸ್ತಿ ನಗುತ್ತಾನೆ ಈಗ.

ಹಾಸನದವರೇ, ಓಪನ್ ಮಾರ್ನಿಂಗ್‌ಗೆ ಹೋಗಬೇಕಾದ್ದು ಪ್ರೆಪ್‌ಗೆ ಮಾತ್ರ ಅಲ್ಲ. ಅಪ್ಪರ್ ಸ್ಕೂಲುಗಳಿಗೂ ಹೋಗಿ ಬನ್ನಿ, ಈಗಲೇ. ಸಿಗದಿದ್ದರೆ ಏನು ಅನ್ನುವುದು ಕಣ್ಣಲ್ಲಿ ನೋಡಿದ್ದರೆ ಈ ಶುಕ್ರವಾರದ ಗಡಿಬಿಡಿ ಅರ್ಧ ಇಳಿಯುತ್ತದೆ.

ಕೆಂಟ್_ಟೀಚರಮ್ಮ

ಒಂದು ಅಡ್ಡ ಮಾತು. ಈ ಓಟದಲ್ಲಿ ಮೊದಲು ಬಲಿಯಾಗುವುದು ಶನಿವಾರದ ಕನ್ನಡ ತರಗತಿ. ನಮ್ಮಲ್ಲಿ ಇಯರ್ 4ಕ್ಕೆ ಬಂದ ಕೂಡಲೇ ಮಕ್ಕಳು ಮಾಯ. ಕಾಗುಣಿತ ಅರ್ಧಕ್ಕೆ ನಿಂತಿರುತ್ತದೆ. ಇಯರ್ 7ರಲ್ಲಿ ವಾಪಸ್ ಬರುತ್ತೇವೆ ಅಂತಾರೆ, ಯಾರೂ ಬರಲ್ಲ. ಒಂದು ಗಂಟೆ ಕನ್ನಡಕ್ಕೆ ಕೂತರೆ 121 ತಪ್ಪುವುದಿಲ್ಲ ರೀ.

ಹಾಸನ_ಟು_ವಿಕಮ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನೀವು ಬರೆದದ್ದನ್ನೆಲ್ಲ ಗಂಡನಿಗೆ ಓದಿ ಹೇಳಿದೆ. ಸಟನ್ ಅವರ ಕಾರ್ ಪಾರ್ಕಿಂಗ್ ಕತೆಗೆ ಅವರು ನಗಲಿಲ್ಲ, ಯೋಚನೆಗೆ ಬಿದ್ದರು.

ಬುಧವಾರ ಪ್ರೆಪ್‌ಗೆ ಫೋನ್ ಮಾಡಿ ಮೂರು ವಿಷಯ ಕೇಳಿದೆವು. ಹೋದ ವರ್ಷ ಇಯರ್ 6ರಲ್ಲಿ ಎಷ್ಟು ಮಕ್ಕಳಿದ್ದರು, ಅದರಲ್ಲಿ ಎಷ್ಟು ಜನ ಕ್ವಾಲಿಫೈ ಆದರು? ಅವರು ಒಂದು ದೊಡ್ಡ ಪರ್ಸೆಂಟ್ ಹೇಳಿದರು. ಇನ್ನೊಮ್ಮೆ ಬಿಡಿಸಿ ಕೇಳಿದಾಗ ಗೊತ್ತಾಯಿತು, ಅದು ಪರೀಕ್ಷೆಗೆ ಕೂರಿ ಅಂತ ಶಾಲೆಯೇ ಹೇಳಿದ ಮಕ್ಕಳಲ್ಲಿ ಮಾತ್ರ. ಎರಡನೆಯದು, ಇಲೆವೆನ್ ಪ್ಲಸ್ ತಯಾರಿ ಪಾಠದ ಹೊತ್ತಿನಲ್ಲೇ ಇರುತ್ತದಾ? ಸ್ವಲ್ಪ ಇರುತ್ತದೆ, ಉಳಿದದ್ದು ಸಂಜೆ ಕ್ಲಬ್, ಅದಕ್ಕೆ ಬೇರೆ ಫೀಸು. ಮೂರನೆಯದು, ಮಧ್ಯದಲ್ಲಿ ಬಿಡಬೇಕಾದರೆ? ಒಂದು ಪೂರ್ತಿ ಟರ್ಮ್ ಮುಂಚೆ ನೋಟಿಸ್, ಇಲ್ಲದಿದ್ದರೆ ಆ ಟರ್ಮ್‌ನ ಫೀಸು. ಅವರು ಒಳ್ಳೆಯ ರೀತಿಯಲ್ಲೇ ಮಾತಾಡಿದರು. ಮುಚ್ಚುಮರೆ ಏನೂ ಮಾಡಲಿಲ್ಲ.

ಗುರುವಾರ ಮಗಳ ಈಗಿನ ಶಾಲೆಯ ಹೆಡ್‌ನ ನೋಡಿದೆ. ನಾಚಿಕೆಯಾಗುತ್ತೆ ಹೇಳೋಕೆ, ಎರಡೂವರೆ ವರ್ಷದಲ್ಲಿ ಇದೇ ಮೊದಲ ಸಲ. ಓಪನ್ ಮಾರ್ನಿಂಗ್‌ಗೆ ಅಂತ ರಜೆ ಹಾಕಿ ಬೇರೆ ಶಾಲೆ ನೋಡಿದ್ದೆ, ನಮ್ಮ ಶಾಲೆಯನ್ನು ಗೇಟಿನ ಹೊರಗಿನಿಂದ ಮಾತ್ರ. ಅವರು ಮಗಳ ರೈಟಿಂಗ್ ಪುಸ್ತಕ ತಂದು ತೋರಿಸಿದರು. ಸೆಪ್ಟೆಂಬರ್‌ನಲ್ಲಿ ಮೂರು ಸಾಲು, ಈಗ ಒಂದೂವರೆ ಪುಟ. ಅವಳು ಅಜ್ಜಿ ಮನೆಯ ಹಸು ಬಗ್ಗೆ ಬರೆದಿದ್ದಳು, ಗೌರಿ ಅನ್ನೋ ಹೆಸರಿನ ಸ್ಪೆಲಿಂಗ್ ಮೂರು ಥರ. ಲೆಕ್ಕದಲ್ಲಿ ಚುರುಕು, ಓದುವ ಪುಸ್ತಕ ಇನ್ನೂ ಸ್ವಲ್ಪ ಕಷ್ಟದ್ದು ಕೊಡಬಹುದು, ನೀವು ಕೇಳಿದ್ದು ಒಳ್ಳೆಯದಾಯಿತು ಅಂದರು.

ಹಾಗಾಗಿ ಬಿಡುತ್ತಿಲ್ಲ. ಇಯರ್ 5ರ ತನಕ ಟ್ಯೂಟರ್ ಬೇಡ ಅಂತ ಮಾತಾಗಿದೆ, ಎಷ್ಟು ದಿನ ನಿಲ್ಲುತ್ತೋ ನೋಡೋಣ, ಮುಂದಿನ ಯುಗಾದಿ ಇದೆಯಲ್ಲ. ಲೈಬ್ರರಿ ಕಾರ್ಡ್ ಮಾಡಿಸಿದೆವು. ಬೇಸಿಗೆಯಲ್ಲಿ ಆರು ಪುಸ್ತಕದ ರೀಡಿಂಗ್ ಚಾಲೆಂಜ್ ಬರುತ್ತದಂತೆ, ಅದಕ್ಕೆ ಸೇರಿಸುತ್ತೇವೆ. ಶನಿವಾರದ ಕನ್ನಡ ತರಗತಿಯನ್ನೂ ಬಿಡಿಸಲ್ಲ ಟೀಚರಮ್ಮ, ಮಾತು ಕೊಟ್ಟಿದ್ದೇನೆ.

ಇವತ್ತು ಶುಕ್ರವಾರ. ಬೆಳಿಗ್ಗೆ ಮೇಲ್ ಕಳಿಸಿದೆವು, ಸೀಟು ಬೇಡ ಅಂತ. ಸಂಜೆ ಮಗಳಿಗೆ ಹೇಳಿದೆ. ಗೆಳತಿಯರ ಜೊತೆಯಲ್ಲೇ ಇರುತ್ತೀಯ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

"ಹಾಗಾದ್ರೆ ಹ್ಯಾಟ್ ಇಲ್ವಾ?"

ಲೆಕ್ಕದ_ಮಾವ

ಹ್ಯಾಟ್ ಕೊಡಿಸಿ ತಂಗಿ. ಅದರ ಮೇಲೂ 20% ವ್ಯಾಟ್ ಬರುತ್ತೆ ಅಂದುಕೊಳ್ಳಬೇಡಿ, ಮಕ್ಕಳ ಬಟ್ಟೆಗೆ ಇಲ್ಲ.